ನಿನ್ನ ಹೆಸರು ಇನ್ನೂ ನಿನ್ನದೇ

ಬೆಲ್ಸೆನ್, ಜರ್ಮನಿ
16 ಏಪ್ರಿಲ್ 1947

ಅಮ್ಮಾ, ನನ್ನ ಜೀವವೇ,

ಹೇಗಿದ್ದೀ? ಮಂಡಿನೋವು ಕಡಿಮೆಯಾಯಿತೇ? ಈ ವರ್ಷದ ಚಳಿ ವಿಪರೀತ. ನೀನಿರುವ ಕಡೆ ಒಲೆಗೆ ಕಲ್ಲಿದ್ದಲು ಸಿಕ್ಕಿತೋ ಇಲ್ಲವೋ ಎಂದು ಒದ್ದಾಡಿಬಿಟ್ಟೆ. ನಾನು ಚೆನ್ನಾಗಿದ್ದೇನೆ. ಮೈ ತುಂಬಿಕೊಂಡಿದೆ, ಬೋಳಿಸಿದ್ದ ಕೂದಲು ಜಡೆ ಹಾಕುವಷ್ಟು ಬೆಳೆದಿದೆ. ಇಲ್ಲಿಂದ ಒಬ್ಬರು ಪೋಲೆಂಡಿಗೆ, ನಮ್ಮ ಬೆಂಜಿನ್ ಊರಿಗೆ ಹೊರಟಿದ್ದಾರೆ. ಹಳೆಯ ಮನೆಯ ಕಾವಲುಗಾರ್ತಿಯ ಕೈಗೆ ಈ ಕಾಗದ ಕೊಡಲು ಹೇಳಿದ್ದೇನೆ. ಹಿಂತಿರುಗಿದರೆ ನೀನು ಮೊದಲು ಹೋಗುವುದು ಅಲ್ಲಿಗೇ. ಕಿಟಕಿ ಗಾಜು ಒರೆಸಿದ್ದಾರೋ ಇಲ್ಲವೋ ನೋಡದೆ ನಿನಗೆ ಸಮಾಧಾನವೆಲ್ಲಿ!

ಎರಡು ವರ್ಷದ ಹಿಂದೆ ಆ ಹಿಮದ ದಾರಿಯಲ್ಲಿ ಜರ್ಮನರು ನಮ್ಮನ್ನು ನಡೆಸಿಕೊಂಡು ಹೋಗುತ್ತಿದ್ದಾಗ ನಿನ್ನ ಕೈ ತಪ್ಪಿಹೋಯಿತಲ್ಲ, ಅಲ್ಲಿಂದ ಹೇಳುತ್ತೇನೆ. ನಿಮ್ಮ ಸಾಲನ್ನು ಬೇರೆ ದಾರಿಗೆ ಹೊಡೆದುಕೊಂಡು ಹೋದರು. ನಿನ್ನ ತಲೆವಸ್ತ್ರ ಕಾಣುವವರೆಗೂ ಹಿಂತಿರುಗಿ ನೋಡುತ್ತಿದ್ದೆ, ಬೆನ್ನಿಗೆ ಏಟು ಬಿತ್ತು. ನಮ್ಮನ್ನು ರೈಲಿಗೆ ತುಂಬಿ ಈ ಬೆಲ್ಸೆನ್ ಶಿಬಿರಕ್ಕೆ ತಂದು ಸುರಿದರು. ಇಲ್ಲಿ ರೊಟ್ಟಿಯಿರಲಿಲ್ಲ, ನೀರಿರಲಿಲ್ಲ, ಟೈಫಸ್ ಜ್ವರವೊಂದು ಬೇಕಾದಷ್ಟಿತ್ತು. ಡೋಬಾ ಎಂಬವಳು ನನ್ನ ಪಕ್ಕದಲ್ಲೇ ಮಲಗುತ್ತಿದ್ದಳು. ಅವಳ ಒಬ್ಬಳೇ ಮಗಳು ಬ್ರೈನಾ ಅದೇ ಜ್ವರದಲ್ಲಿ ಹೋದಳು. ಇಂಗ್ಲಿಷ್ ಸೈನ್ಯ ಬಂದ ದಿನ ಒಂದು ಗಾಡಿ ನಿಮಗೆಲ್ಲ ಬಿಡುಗಡೆಯಾಯಿತು ಎಂದು ಧ್ವನಿವರ್ಧಕದಲ್ಲಿ ಕೂಗುತ್ತ ಹೋಯಿತು. ನಾನು ನೆಲದ ಮೇಲೆ ಬಿದ್ದಿದ್ದೆ. "ಏಳೇ ಪೆಸ್ಯಾ, ಮುಗೀತು ಕಣೇ" ಎಂದು ಡೋಬಾ ಅಲ್ಲಾಡಿಸಿದಳು. ನಾನು ಕೇಳಿದ್ದು ಒಂದೇ: "ನಮ್ಮಮ್ಮ ಬಂದ್ಳಾ?" ಸೈನಿಕರು ಪಾಪ ಕರುಣೆಯಿಂದ ಮಾಂಸದ ಡಬ್ಬಿ ಹಂಚಿದರು. ಬರಿಹೊಟ್ಟೆಗೆ ಅದನ್ನು ತಿಂದು ಎಷ್ಟೋ ಜನ ಸತ್ತರು, ಅಮ್ಮಾ, ಬಿಡುಗಡೆಯಾದ ಮೇಲೆ ಸತ್ತರು. ಡೋಬಾ ನನ್ನ ಡಬ್ಬಿ ಕಿತ್ತುಕೊಂಡು, "ನನ್ನನ್ನ ಎಷ್ಟು ಬೇಕಾದ್ರೂ ಬಯ್ಯಿ, ಕೊಡಲ್ಲ" ಅಂದಳು. ಬಾಯಿಗೆ ಬಂದದ್ದೆಲ್ಲ ಬೈದೆ. ಅದಕ್ಕೇ ಬದುಕಿದ್ದೇನೆ.

ರೋಗ ಹರಡೀತೆಂದು ನಾವಿದ್ದ ಶಿಬಿರದ ಗುಡಿಸಲುಗಳನ್ನೆಲ್ಲ ಸುಟ್ಟುಹಾಕಿದರು. ಎಲ್ಲರೂ ನಿಂತು ನೋಡಿದರು. ನನಗೆ ಮಾತ್ರ, ನೀನು ಹುಡುಕಿಕೊಂಡು ಬಂದರೆ ಇಲ್ಲಿ ಏನೂ ಇರುವುದಿಲ್ಲವಲ್ಲ ಎಂಬ ಗಾಬರಿ. ನಾವೀಗ ಸ್ವಲ್ಪ ದೂರದಲ್ಲಿ, ಮೊದಲು ಜರ್ಮನ್ ಸೈನಿಕರಿದ್ದ ಗಟ್ಟಿ ಕಟ್ಟಡಗಳಲ್ಲಿದ್ದೇವೆ. ಯಾರನ್ನು ಕೇಳಿದರೂ ತೋರಿಸುತ್ತಾರೆ.

ಈಗ ಕುಳಿತುಕೊಂಡು ಓದು. ನನಗೆ ಮದುವೆಯಾಗಿದೆ. ಗಂಡನ ಹೆಸರು ಝೆಲಿಗ್, ಬಡಗಿ. ವಿಲ್ನಾದ ಅನಾಥಾಲಯದಲ್ಲಿ ಬೆಳೆದವನು, ತಾಯಿಯ ಹೆಸರೂ ಅವನಿಗೆ ಗೊತ್ತಿಲ್ಲ. ಬಂಗಾರದಂಥ ಮನುಷ್ಯ, ಆದರೆ ಮೀನಿನ ಉಂಡೆಗೆ ನಮ್ಮೂರಿನ ಹಾಗೆ ಸಕ್ಕರೆ ಹಾಕಿದರೆ ಮುಖ ಸಿಂಡರಿಸುತ್ತಾನೆ. ಮೆಣಸು ಬೇಕಂತೆ! ಮೊನ್ನೆ ಪಾಸ್ಕ ಹಬ್ಬಕ್ಕೆ ಎರಡು ಪಾತ್ರೆಯಲ್ಲಿ ಬೇಯಿಸಿದೆ. ನೀನಿದ್ದಿದ್ದರೆ ನೀನೇ ಅವನ ಪಾತ್ರೆಗೂ ಕದ್ದು ಸಕ್ಕರೆ ಹಾಕಿರುತ್ತಿದ್ದೆ. ಮದುವೆಗೆ ಉಟ್ಟ ಬಿಳಿಯ ಉಡುಪು ಇಲ್ಲಿನ ಹುಡುಗಿಯರೆಲ್ಲ ಸರದಿಯಲ್ಲಿ ಉಡುವಂಥದ್ದು, ನನಗೆ ಗಿಡ್ಡವಾಗಿತ್ತು. ಅಂಚು ಬಿಚ್ಚಿ ಹೊಲಿಯಲು ನೀನಿರಲಿಲ್ಲ. ಆ ದಿನ ನಿನ್ನನ್ನು ನೆನೆದು ಅತ್ತಷ್ಟು ಯಾವತ್ತೂ ಅತ್ತಿಲ್ಲ.

ಕಳೆದ ಬೇಸಿಗೆಯಲ್ಲಿ ಹೆಣ್ಣುಮಗು ಹುಟ್ಟಿತು. ನಿನ್ನದೇ ಗಲ್ಲ, ನಿನ್ನದೇ ಹಟ. ಇಲ್ಲಿ ಮಗುವೊಂದು ಹುಟ್ಟಿದರೆ ಸಾಕು, ಸತ್ತವರ ಹೆಸರು ಹಿಡಿದುಕೊಂಡು ಎಲ್ಲರೂ ಬಾಗಿಲಿಗೆ ಬರುತ್ತಾರೆ. ತಂಗಿಯ ಹೆಸರಿಡಿ, ಅತ್ತಿಗೆಯ ಹೆಸರಿಡಿ ಎನ್ನುತ್ತಾರೆ. ಝೆಲಿಗ್ ಮೆಲ್ಲಗೆ, "ನಿಮ್ಮಮ್ಮನ ಹೆಸರೇ ಇಡೋಣ, ಫ್ರೂಮೆಟ್ ಅಂತ. ಹೆಸರಾದ್ರೂ ಉಳೀಲಿ" ಅಂದ. ನಾನು ಅವನ ಮೇಲೆ ಹರಿಹಾಯ್ದೆ. ಬದುಕಿರುವವರ ಹೆಸರನ್ನು ನಮ್ಮ ಯೆಹೂದಿಗಳು ಮಗುವಿಗೆ ಇಡುತ್ತಾರೆಯೇ? ಅದು ಅವರ ಆಯುಸ್ಸಿಗೇ ಕೈಹಾಕಿದಂತೆ ಎಂದು ನೀನೇ ಹೇಳುತ್ತಿದ್ದೆಯಲ್ಲ? "ನಮ್ಮಮ್ಮ ಸತ್ತಿದ್ದನ್ನ ನೀನು ನೋಡಿದ್ಯಾ?" ಎಂದು ಕೂಗಾಡಿದೆ. ಅವನು ಪಾಪ ಮಗುವನ್ನೆತ್ತಿಕೊಂಡು ಹೊರಗೆ ಹೋದ. ಶನಿವಾರದ ಸಬ್ಬತ್ತಿನ ಪ್ರಾರ್ಥನೆಯಲ್ಲಿ ತಂದೆ ಮಗಳ ಹೆಸರು ಹೇಳಿಸಬೇಕು. ಒಂದೊಂದು ವಾರವೂ ಏನಾದರೊಂದು ನೆಪ ಹೇಳಿ ಅವನನ್ನು ತಡೆದೆ. ಮಗುವನ್ನು ಎಲ್ಲರೂ ಪಾಪು ಎಂದೇ ಕರೆದರು, ಹಿಂದಿನಿಂದ ಆಡಿಕೊಂಡರು.

ಯಾವತ್ತೂ ಏನನ್ನೂ ಕೇಳದೆ ಇದ್ದವಳು ಡೋಬಾ ಒಬ್ಬಳೇ. ಬಂದು ಬಟ್ಟೆ ಒಗೆದುಕೊಟ್ಟು ಹೋಗುತ್ತಿದ್ದಳು. ಒಂದು ದಿನ ಹಿಂಡುತ್ತಲೇ, ತಲೆಯೆತ್ತದೆ, "ನಮ್ಮ ಬ್ರೈನಾ ಹೆಸರು ಸುಮ್ನೆ ಇದ್ಯಲ್ಲೇ, ಇಟ್ಕೋ. ನಿಮ್ಮಮ್ಮಂದು ನಿಮ್ಮಮ್ಮನಿಗೇ ಇರ್ಲಿ" ಅಂದಳು. ಅವಳ ಒದ್ದೆ ಕೈ ಹಿಡಿದುಕೊಂಡು ಗೋಳೋ ಎಂದು ಅತ್ತೆ. ಆ ವಾರವೇ ಹೆಸರಿಟ್ಟೆವು. ಮಗಳು ಬ್ರೈನಾ. ಅವಳನ್ನು ಆ ಹೆಸರಿನಿಂದ ಡೋಬಾ ಮಾತ್ರ ಕರೆಯುವುದಿಲ್ಲ, ಇನ್ನೂ ಪಾಪು ಎಂದೇ ಅನ್ನುತ್ತಾಳೆ.

ನೀನು ಬಂದಾಗ ಇವಳನ್ನು ನಿನ್ನ ತೊಡೆಯ ಮೇಲೆ ಹಾಕಿ ನಾನು ಎರಡು ದಿನ ನಿದ್ದೆ ಮಾಡುತ್ತೇನೆ, ಈಗಲೇ ಹೇಳಿದ್ದೇನೆ. ಝೆಲಿಗ್ ನಿನಗೆ ನಮಸ್ಕಾರ ತಿಳಿಸಿದ್ದಾನೆ, ಮೆಣಸಿನ ವಿಷಯ ಮಾತ್ರ ಬರೆಯಬೇಡ ಎಂದಿದ್ದ. ನಿನ್ನ ಎರಡೂ ಕೈಗೆ ಮುತ್ತು.

ನಿನ್ನ
ಪೆಸ್ಯಾ

ಒಂದು ಮಾತು ಮರೆತಿದ್ದೆ, ಕಾಗದ ಒಯ್ಯುವವರು ಬಾಗಿಲಲ್ಲೇ ಕಾಯುತ್ತಿದ್ದಾರೆ. ಅಮ್ಮಾ, ನಾನು ಮತ್ತೆ ಬಸುರಿ. ಗಂಡಾದರೆ ತೀರಿಹೋದ ಅಪ್ಪನ ಹೆಸರಿದೆ. ಹೆಣ್ಣಾದರೆ ನಿನ್ನ ಹೆಸರಿಗಾಗಿ ಎಲ್ಲರೂ ನನ್ನ ಮುಖವನ್ನೇ ನೋಡುತ್ತಾರೆ, ಇನ್ನೊಂದು ಸಲ ಹಟ ಹಿಡಿಯುವ ಶಕ್ತಿ ನನಗಿಲ್ಲ. ಅಷ್ಟರೊಳಗೆ ಬಂದುಬಿಡು. ನೀನು ಬರುವವರೆಗೂ ನನಗೆ ಗಂಡುಮಕ್ಕಳೇ ಹುಟ್ಟಲಿ ಎಂದು ದೇವರನ್ನು ಬೇಡಿಕೊಳ್ಳುತ್ತಿದ್ದೇನೆ.