ಹನ್ನೊಂದನೆಯ ಮಹಡಿಯಿಂದ ಇಳಿದೆ

ತಂಗಿಗೆ ಅಕ್ಕನ ಆಶೀರ್ವಾದ.

ಹೇಳದೆ ಮದುವೆಯಾದ ಮಗಳನ್ನು ಕರೆತರಲು ಬಂದವಳು ಒಬ್ಬಳೇ ಹಿಂದಿರುಗಬೇಕಾಗಿದೆ. ಅವಳ ಗಂಡ, ಆ ಲಿಫ್ಟ್ ರಿಪೇರಿಯವನು, ತನ್ನ ವಿದ್ಯೆ ತೋರಿಸಲು ಲಿಫ್ಟಿನೊಳಗೆ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದ. ಲಿಫ್ಟ್ ಹೊರಡುತ್ತಲೇ ಐವತ್ತೆಂಟರಲ್ಲಿದ್ದ ಮುಳ್ಳು ಅರವತ್ತನಾಲ್ಕಕ್ಕೆ ಹೋಯಿತು.

"ನೀವೇನೂ ದಪ್ಪ ಆಗಿಲ್ಲ ಅತ್ತೆ. ಮೇಲೆ ಹೊರಡೋವಾಗ ನೆಲ ನಿಮ್ಮನ್ನ ಜಾಸ್ತಿ ತಳ್ಳುತ್ತೆ, ಕೆಳಗೆ ಹೊರಡೋವಾಗ ಕಮ್ಮಿ," ಎಂದ.

ಹನ್ನೊಂದನೆಯ ಮಹಡಿಯಲ್ಲಿ ಮಗಳು ಮನೆ ಬಾಗಿಲಲ್ಲೇ, "ನಾನು ಬರಲ್ಲಮ್ಮ, ಊಟ ಮಾಡ್ಕೊಂಡು ಹೋಗು" ಎಂದಳು. ನೀರೂ ಮುಟ್ಟದೆ ಇಳಿದೆ. ಯಂತ್ರ ಲಿಫ್ಟಿನಲ್ಲೇ ಇತ್ತು, ಹತ್ತಿ ನೋಡಿದೆ. ಲಿಫ್ಟ್ ಕೆಳಗೆ ಹೊರಡುತ್ತಲೇ ಐವತ್ತೆರಡು. ಅವನು ಹೇಳಿದ್ದು ನಿಜವಾಯಿತಲ್ಲ, ಅದನ್ನೂ ಸಹಿಸಬೇಕಾಯಿತು.

ಶನಿವಾರದವರೆಗೆ ಬಸ್ಸಿಲ್ಲ, ಲಾಡ್ಜಿನಲ್ಲಿದ್ದೇನೆ. ಬಿ.ಪಿ. ಮಾತ್ರೆ ತಂದಿಡು. ಯಾರಾದರೂ ಕೇಳಿದರೆ, ಲಿಫ್ಟ್ ಕೆಟ್ಟಿತ್ತು, ಅಕ್ಕ ಮೇಲೆ ಹೋಗಲೇ ಇಲ್ಲ ಎನ್ನು.

ನಿನ್ನ ಅಕ್ಕ