ಅರ್ಧವನ್ನು ಕಾಲಿನಿಂದ ಭಾಗಿಸಿ ನಪಾಸಾದವಳು

ಶಿಕ್ಷಕರ ತರಬೇತಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ಪಾಠ ಮಾಡಿದ ತಪ್ಪಿಗೆ ನಿಮ್ಮ ವಿಶ್ವವಿದ್ಯಾಲಯ ಒಬ್ಬ ಗಣಿತ ಶಿಕ್ಷಕಿಯನ್ನು ನಪಾಸು ಮಾಡಿದೆ. ಆ ಪಾಠ ನಡೆದದ್ದು ನನ್ನ ತರಗತಿಯಲ್ಲಿ. ನಿಮ್ಮ ಪರೀಕ್ಷಕರ ಪಕ್ಕದಲ್ಲೇ ಕೂತಿದ್ದೆ. ಆದ್ದರಿಂದ ಇದು ಚಾಡಿಯಲ್ಲ, ಕಣ್ಣಾರೆ ಕಂಡದ್ದು.

ತರಬೇತಿಗೆಂದು ನಮ್ಮ ಶಾಲೆಗೆ ಬಂದಿದ್ದ ಆ ಹುಡುಗಿಯನ್ನು ಮಕ್ಕಳು ಚಿಕ್ಕ ಮಿಸ್ ಎನ್ನುತ್ತಿದ್ದರು. ಅಂದಿನ ಪಾಠ ಭಿನ್ನರಾಶಿಗಳ ಭಾಗಾಕಾರ. ಬಣ್ಣಬಣ್ಣದ ಚಾರ್ಟು ತೂಗುಹಾಕಿ, ಅರ್ಧವನ್ನು ಕಾಲಿನಿಂದ ಭಾಗಿಸಿದರೆ ಎರಡು ಎಂದು ಬರೆದಳು. ಮುಂದಿನ ಬೆಂಚಿನ ಬಾಯಿಬಡುಕಿಯೊಬ್ಬಳು ಎದ್ದಳು.

"ಮಿಸ್, ಭಾಗ ಮಾಡಿದ್ರೆ ಕಡಿಮೆ ಆಗ್ಬೇಕಲ್ವಾ? ಇದ್ಯಾಕೆ ಜಾಸ್ತಿ ಆಯ್ತು?"

ಚಿಕ್ಕ ಮಿಸ್ ಸೀಮೆಸುಣ್ಣ ಕೆಳಗಿಟ್ಟಳು. ಆಮೇಲೆ ಹೇಳಿದಳು: "ಗೊತ್ತಿಲ್ಲ ಪುಟ್ಟಿ. ನಂಗೂ ಎರಡನೇದನ್ನ ತಲೆಕೆಳಗೆ ತಿರುಗಿಸಿ ಗುಣಿಸು ಅಂತಷ್ಟೇ ಹೇಳ್ಕೊಟ್ಟಿದ್ರು. ಬಾ, ಇಬ್ರೂ ನೋಡೋಣ."

ರಾತ್ರಿಯೆಲ್ಲ ಕೂತು ಬರೆದ ಚಾರ್ಟನ್ನೇ ಹರಿದು ಪಟ್ಟಿಪಟ್ಟಿ ಮಾಡಿದಳು. ಅರ್ಧ ಪಟ್ಟಿಯ ಮೇಲೆ ಕಾಲು ಪಟ್ಟಿ ಎಷ್ಟು ಹಿಡಿಸುತ್ತದೆ ನೋಡಿ ಎಂದಳು. ಮಕ್ಕಳು ನೆಲಕ್ಕೆ ಕವುಚಿಬಿದ್ದರು. ಬಾಯಿಬಡುಕಿ ನಿಧಾನವಾಗಿ ಎರಡು ಚೂರು ಜೋಡಿಸಿ, "ಓ, ಇದು ಹಂಚೋದಲ್ಲ, ಎಷ್ಟು ಹಿಡ್ಸುತ್ತೆ ಅಂತ ಕೇಳೋದು" ಎಂದಳು. ಇಷ್ಟು ವರ್ಷ ಪಾಠ ಮಾಡಿದ ನನಗೆ ಮೈ ಜುಮ್ಮೆಂದಿತು. ಗಂಟೆ ಹೊಡೆಯಿತು.

ನಿಮ್ಮ ಪರೀಕ್ಷಕರಿಗೆ ಜುಮ್ಮೆನ್ನಲಿಲ್ಲ. ಅವರ ಷರಾ ಹೀಗಿತ್ತು: ಪಾಠಯೋಜನೆ ಪಾಲಿಸಿಲ್ಲ. ಬೋಧನೋಪಕರಣ ಹಾಳುಮಾಡಿದ್ದಾರೆ. ತನಗೆ ತಿಳಿಯದೆಂದು ತರಗತಿಯಲ್ಲಿ ಒಪ್ಪಿಕೊಂಡಿದ್ದಾರೆ.

ಸ್ವಾಮಿ, ಗೊತ್ತಿಲ್ಲ ಎನ್ನದೆ ಯಾವ ವಿಜ್ಞಾನ ಶುರುವಾಗಿದೆ? ಮರುದಿನವೇ ನಿಮ್ಮ ಕೊಠಡಿಗೆ ಬಂದೆ. ನಾವು ಬೋಧನಾವಿಧಾನ ಮಾತ್ರ ಕಲಿಸುತ್ತೇವೆ, ಗಣಿತ ಎದುರು ಕಟ್ಟಡದವರದ್ದು ಎಂದಿರಿ. ಎದುರು ಕಟ್ಟಡಕ್ಕೆ ಹೋದೆ. ಅಲ್ಲಿನ ಪ್ರಾಧ್ಯಾಪಕರು ಕನ್ನಡಕ ಒರೆಸುತ್ತ, ಭಿನ್ನರಾಶಿ ಶಾಲೆಯ ವಿಷಯ, ನಮ್ಮ ಮಟ್ಟದ್ದಲ್ಲ ಎಂದರು. ಹಾಗಾದರೆ ಅರ್ಧದಲ್ಲಿ ಕಾಲು ಎಷ್ಟು ಎಂಬುದನ್ನು ಆ ಹುಡುಗಿ ಎಲ್ಲಿ ಕಲಿಯಬೇಕಿತ್ತು? ನಡುವಿನ ಸೈಕಲ್ ನಿಲ್ದಾಣದಲ್ಲೇ? ಹಾಂ, ನಿಮ್ಮಲ್ಲಿ ಅಭ್ಯಾಸಪಾಠಗಳಿವೆ. ಅಲ್ಲಿ ಸಹಪಾಠಿಗಳೇ ಮಕ್ಕಳಂತೆ ನಟಿಸುತ್ತಾರೆ. ಮೀಸೆ ಬಂದ ಆ ಮಕ್ಕಳು ಯಾವತ್ತೂ ಯಾಕೆ ಎಂದು ಕೇಳುವುದಿಲ್ಲ. ಚಾಪೆಯ ಮೇಲೆ ಈಜು ಕಲಿಸಿ ಹೊಳೆಗೆ ನೂಕುತ್ತೀರಿ. ಅವಳು ಹೇಗೋ ಕೈಕಾಲು ಬಡಿದು ದಡ ಸೇರಿದರೆ, ನಮ್ಮ ಶೈಲಿಯಲ್ಲಿ ಈಜಲಿಲ್ಲ ಎಂದು ಮತ್ತೆ ನೀರಿಗೆ ತಳ್ಳುತ್ತೀರಿ.

ನಾನು ಕೇಳುವುದಿಷ್ಟೆ. ಅವಳ ಫಲಿತಾಂಶ ಮರುಪರಿಶೀಲಿಸಿ. ಎರಡೂ ಕಟ್ಟಡದವರು ಒಟ್ಟಿಗೆ ಕೂತು ಶಾಲೆಯ ಗಣಿತವನ್ನು ಬೇರುಸಹಿತ ಕಲಿಸಲಿ. ಪರೀಕ್ಷಕರಾಗುವವರು ಮೊದಲು ನನ್ನ ತರಗತಿಯಲ್ಲಿ ಒಂದು ವಾರ ಪಾಠ ಮಾಡಲಿ. ಹಿಂದಿನ ಬೆಂಚಿನಲ್ಲಿ ನಾನಿರುತ್ತೇನೆ.

ತಡಮಾಡಬೇಡಿ. ಅವಳು ಮರುಪರೀಕ್ಷೆಗೆ ಕಟ್ಟಿದ್ದಾಳೆ. ನಿನ್ನೆ ಶಾಲೆಗೆ ಬಂದು, ಮಕ್ಕಳು ಆಟಕ್ಕೆ ಹೋಗುವವರೆಗೂ ಕಾದಿದ್ದು, ನನ್ನನ್ನು ಮೆಲ್ಲಗೆ ಕೇಳಿದಳು:

"ಮೇಡಂ, ಮಕ್ಕಳು ಪ್ರಶ್ನೆ ಕೇಳ್ದೇ ಇರೋ ಹಾಗೆ ಪಾಠ ಮಾಡೋದು ಹೇಗೆ, ಹೇಳ್ಕೊಡ್ತೀರಾ?"

ಇಂತಿ,
ಅದನ್ನು ಕೇಳಿ ಕಪ್ಪುಹಲಗೆ ಒರೆಸತೊಡಗಿದ
ಒಬ್ಬ ಗಣಿತ ಶಿಕ್ಷಕಿ