ಗೋಡೆಯ ಮೇಲಿನ ಕಾಲುಗಳು

ಭಾನುವಾರ, ತಾರೀಕು ಹದಿನೇಳು
ಅಂಗಡಿಯಿಂದಲೇ

ಅಣ್ಣನಿಗೆ,

‘ಪ್ರೀತಿಯ’ ಎಂದು ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದು ಕೂತು, ಕಾಫಿ ಆರಿಸಿಕೊಂಡವಳ ನಮಸ್ಕಾರ. ಹೋಗಲಿ, ಬರೆದೇಬಿಡುತ್ತೇನೆ. ಪ್ರೀತಿಯ ಅಣ್ಣಾ. ಸಿಟ್ಟು ಬೇರೆ, ಇದು ಬೇರೆ.

ನಿನ್ನ ಕಾಗದ ಬಂತು. ನಾನು ಮಾಡಿದ ಫೋನ್ ಒಂದನ್ನೂ ಎತ್ತದವನು ಹಾಳೆಯ ಎರಡೂ ಮಗ್ಗುಲು ತುಂಬ ಬೈದಿದ್ದೀಯ, ಸಂತೋಷ. ಒಡಹುಟ್ಟಿದವಳೇ ನಿನ್ನ ಹೊಟ್ಟೆಯ ಮೇಲೆ ಹೊಡೆದಳಂತೆ. ಕಂಪನಿಯವರ ಮುಂದೆ ನಿನ್ನ ಮಾನ ಹರಾಜು ಹಾಕಿದಳಂತೆ. ನಾನು ಕ್ಷಮೆ ಕೇಳುವ ತನಕ ನೀನು ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲವಂತೆ. ಹತ್ತಬೇಡ ಮಾರಾಯ, ನಾನು ಕೇಳುವುದಿಲ್ಲ. ಆದರೆ ನಡೆದದ್ದನ್ನು ನೀನು ಕಂಪನಿಯ ಆ ಟೈ ಕಟ್ಟಿದವನ ಬಾಯಿಂದ ಕೇಳಿದ್ದೀಯ. ಈಗ ನನ್ನ ಬಾಯಿಂದ ಕೇಳು.

ಅತ್ತಿಗೆಯ ಊರಿಗೆ ಹೋಗಿ ಸ್ವಲ್ಪ ದಿನ ಆರಾಮಾಗಿ ಇದ್ದು ಬರುತ್ತೇನೆ ಎಂದು ನೀನು ಹೊರಟೆ. ನಾನು ಪಾಪದವಳು, ದಾರಿಗೆ ಬುತ್ತಿ ಬೇರೆ ಕಟ್ಟಿಕೊಟ್ಟೆ. ಮುಂದಿನ ವಾರವೇ ಆ ಬೂಟಿನ ಕಂಪನಿಯಿಂದ ದಪ್ಪ ಲಕೋಟೆ ಬಂತು. ನಿನ್ನ ಅರ್ಧ ಪಾಲನ್ನು ಅವರಿಗೆ ಮಾರಲು ಒಪ್ಪಿದ್ದೀಯ, ಜೊತೆಗೆ ಗೋಡೆಯ ಮೇಲಿರುವ ಮರದ ಕಾಲಚ್ಚುಗಳನ್ನೆಲ್ಲ ಕೊಡಲೂ ಒಪ್ಪಿದ್ದೀಯ, ಹನ್ನೊಂದನೇ ತಾರೀಕು ವ್ಯಾನು ತರುತ್ತೇವೆ, ಎಲ್ಲ ಇಳಿಸಿ ಇಡಿ ಎಂದು ಬರೆದಿದ್ದರು. ಓದುವಾಗ ನನ್ನ ಬಾಯಲ್ಲಿ ಬೂಟಿಗೆ ಹೊಡೆಯುವ ಮೂರ್ನಾಲ್ಕು ಮೊಳೆ ಇದ್ದವು. ನುಂಗದೆ ಉಳಿದದ್ದೇ ಪುಣ್ಯ.

ಅತ್ತುಬಿಟ್ಟೆ ಅಣ್ಣ. ಸುಳ್ಳು ಯಾಕೆ ಹೇಳಲಿ, ಗಿರಾಕಿಗಳ ಮುಂದೆಯೇ ಅತ್ತೆ. ನೀನು ಮಾರಿದ್ದಕ್ಕಿಂತ ನನಗೆ ಹೇಳದೆ ಮಾರಿದ್ದು ಉರಿಯಿತು. ಪಕ್ಕದ ಸಲೂನಿನವಳು ಕತ್ತರಿ ಹಿಡಿದುಕೊಂಡೇ ಓಡಿ ಬಂದು ನೋಡಿದಳು. “ಅಳೋದನ್ನ ಆಮೇಲೆ ಅಳು, ಮೊದ್ಲು ನನ್ನ ಜೊತೆ ಬಾ” ಎಂದು ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

ಅಂಚೆ ಕಚೇರಿಯ ಮಹಡಿಯಲ್ಲಿ ನಮ್ಮಂಥ ಸಣ್ಣ ವ್ಯಾಪಾರದವರಿಗೆ ಪುಕ್ಕಟೆ ಕಾನೂನು ಸಲಹೆ ಕೊಡುವ ಒಂದು ಕೇಂದ್ರ ಇದೆ. ಇಷ್ಟು ವರ್ಷ ಅದರ ಕೆಳಗೇ ಓಡಾಡಿದ್ದೇವೆ, ತಲೆಯೆತ್ತಿ ಬೋರ್ಡು ಓದಿರಲಿಲ್ಲ. ಸಲೂನಿನವಳನ್ನು ಮಾಲೀಕ ಎಬ್ಬಿಸಲು ಬಂದಿದ್ದಾಗ ಅವಳ ಬಾಡಿಗೆ ಕರಾರು ಉಳಿಸಿಕೊಟ್ಟವರು ಅಲ್ಲಿಯವರೇ. ಒಳಗೆ ಪ್ಲಾಸ್ಟಿಕ್ ಕುರ್ಚಿಗಳು, ಕಿರಗುಟ್ಟುವ ಫ್ಯಾನು. ಗಡಿಯಾರ ರಿಪೇರಿಯವನೊಬ್ಬ, ಮನೆಯಲ್ಲೇ ಕೇಕು ಮಾಡಿ ಮಾರುವ ಹುಡುಗಿಯೊಬ್ಬಳು, ಬೀಗದ ಕೈ ಮಾಡುವ ತಾತ. ಎಲ್ಲರ ಕೈಯಲ್ಲೂ ಒಂದೊಂದು ಲಕೋಟೆ. ಒಬ್ಬರೂ ತಮ್ಮದನ್ನು ಹೆದರಿಕೆಗೆ ಕೊನೆಯ ತನಕ ಓದಿರಲಿಲ್ಲ.

ಅಲ್ಲಿಯ ವಕೀಲಮ್ಮನಿಗೆ ತಲೆ ತುಂಬ ಬಿಳಿ ಕೂದಲು, ಕಾಲಿಗೆ ಗಂಡಸರ ಸ್ಯಾಂಡಲ್ಲು. ನಮ್ಮ ಚಾಳಿ ನಿನಗೆ ಗೊತ್ತಲ್ಲ, ಮುಖಕ್ಕಿಂತ ಮೊದಲು ಕಾಲು ನೋಡಿದೆ. ಹೆಬ್ಬೆರಳಿನ ಗಂಟು ಊದಿದೆ, ಪಾಪ, ಯಾವ ಅಂಗಡಿಯ ಚಪ್ಪಲಿಯೂ ಹಿಡಿಸುವುದಿಲ್ಲ. ಅವರಿಗೆ ಎಲ್ಲವನ್ನೂ ಮೊದಲಿಂದ ಹೇಳಬೇಕಾಯಿತು. ಸೊಟ್ಟ ಕಾಲು, ಗಿಡ್ಡ ಕಾಲು, ಬೆರಳಿಲ್ಲದ ಕಾಲುಗಳಿಗೆ ಬೂಟು ಹೊಲಿಯುವ ಅಂಗಡಿ ನಮ್ಮದು, ಅಪ್ಪ ಕಟ್ಟಿದ್ದು. ಅಪ್ಪನ ನಂತರ ಇಬ್ಬರಿಗೂ ಅರ್ಧರ್ಧ. ಅಣ್ಣ ಒಬ್ಬೊಬ್ಬರ ಕಾಲಿನ ಅಚ್ಚನ್ನೂ ಮರದಲ್ಲಿ ಕೆತ್ತುತ್ತಾನೆ, ನಾನು ಅದರ ಮೇಲೆ ಚರ್ಮ ಎಳೆದು ಹೊಲಿಯುತ್ತೇನೆ. ಅಚ್ಚು ಇದ್ದರೆ ಗಿರಾಕಿ ಇದ್ದ ಹಾಗೆ. ಕಂಪನಿಗೆ ಬೇಕಾದದ್ದೂ ಅದೇ. ಅಚ್ಚುಗಳನ್ನು ಒಯ್ದು ಯಂತ್ರದಲ್ಲಿ ಅಳತೆ ಹಿಡಿದು, ನಮ್ಮವರನ್ನೆಲ್ಲ ತಮ್ಮ ಷೋರೂಮಿಗೆ ಎಳೆದುಕೊಂಡರೆ, ನಾನು ಬರೀ ಗೋಡೆ ನೋಡುತ್ತ ಕೂರಬೇಕು.

ಅಪ್ಪ ಬರೆಸಿದ ಪಾಲುಪತ್ರವನ್ನು ವಕೀಲಮ್ಮ ಓದಿದರು. ಓದಿ, “ಇಲ್ಲಿ ಯಾರು ಬೇಕಾದ್ರೂ ತಮ್ಮ ಪಾಲನ್ನ ಮಾರಬಹುದು ಅಂತಿದೆಯಮ್ಮ. ನಿಮ್ಮಣ್ಣ ಮಾರೋದನ್ನ ನಾನು ತಡೆಯೋಕಾಗಲ್ಲ” ಅಂದುಬಿಟ್ಟರು. ಎದ್ದು ಹೊರಡಲಿದ್ದೆ. “ಕೂತ್ಕೊಳ್ಳಿ, ಮಾತು ಮುಗಿದಿಲ್ಲ. ಅವರು ಮಾರ್ತಿರೋದು ಏನೇನನ್ನ, ಒಂದೊಂದಾಗಿ ಹೇಳಿ” ಅಂದರು.

ಹೇಳಿದೆ. ಕಟ್ಟಡ ಮಾಲೀಕನದು. ಹೊಲಿಗೆ ಯಂತ್ರ ನಿನಗಿಂತ ಹಳೆಯದು, ನಿನ್ನ ಹಾಗೇ ಮೊಂಡು. ಇನ್ನುಳಿದದ್ದು ಅಚ್ಚುಗಳು. ಅವು ಅಂಗಡಿಯವೇ ತಾನೆ ಎಂದು ಕೇಳಿದರು. ಎಲ್ಲ ಕಡೆಯೂ ಅಂಗಡಿಯವೇ ಅಂದೆ. ಆಮೇಲೆ ಅಪ್ಪನ ಬಗ್ಗೆ ಜಂಬ ಕೊಚ್ಚಿಕೊಳ್ಳಲು ಹೋಗಿ ಆ ಮಾತು ಬಂತು, ಅಣ್ಣ. ಅಪ್ಪ ಎಲ್ಲರ ಹಾಗೆ ಇರಲಿಲ್ಲ, ಮೊದಲ ಜೋಡಿಗೆ ಮರದ ಬೆಲೆ ಬೇರೆ, ಹೊಲಿಗೆಯ ಬೆಲೆ ಬೇರೆ ತೆಗೆದುಕೊಳ್ಳುತ್ತಿದ್ದ ಅಂದೆ. ಅಚ್ಚನ್ನು ಗಿರಾಕಿಯ ಕೈಗೇ ಕೊಟ್ಟು, ಹಿಮ್ಮಡಿಯ ಕೆಳಗೆ ಅವರ ಗುರುತನ್ನು ಅವರಿಂದಲೇ ಹಾಕಿಸಿ, “ಇದು ನಿಮ್ಮ ಕಾಲು. ನಮ್ಮ ಗೋಡೆ ಮೇಲಿರುತ್ತೆ ಅಷ್ಟೆ, ಬೇಕಾದಾಗ ಒಯ್ಯಿ” ಅನ್ನುತ್ತಿದ್ದ ಅಂದೆ. ಅಪ್ಪ ಕೂಲಿಗಿದ್ದ ಅಂಗಡಿಯಲ್ಲಿ ಯಜಮಾನ ಅಚ್ಚು ಕೊಡದೆ ಒಬ್ಬ ಕುಂಟ ಮುದುಕನನ್ನು ಗೋಳಾಡಿಸಿದ್ದನಂತಲ್ಲ, ಅದಕ್ಕೆ ಅಪ್ಪ ಮಾಡಿಕೊಂಡ ನೇಮ ಅದು. ನಾವೂ ಗಿಳಿಪಾಠದ ಹಾಗೆ ಅದೇ ಮಾತನ್ನು ಎಲ್ಲರಿಗೂ ಹೇಳಿಕೊಂಡು ಬಂದೆವು. ಯಾರೂ ಒಯ್ಯಲಿಲ್ಲ, ಅದಕ್ಕೇ ಅವು ನಮ್ಮವು ಅಂದುಕೊಂಡೆವು.

ವಕೀಲಮ್ಮ ಕನ್ನಡಕ ತೆಗೆದು ನಗಲು ಶುರು ಮಾಡಿದರು. “ಅಲ್ಲಮ್ಮ, ಅತ್ತೆ ಒಡವೆ ಅಳಿಯ ದಾನ ಮಾಡಿದ ಅಂದ್ರೆ ಇದೇ. ನಿಮ್ಮಣ್ಣ ಮಾರ್ತಿರೋದು ಊರವರ ಕಾಲು!”

ನನಗೂ ನಗು ಬಂತು. ಆದರೆ ಅವರು ಬೇಗ ಗಂಭೀರವಾದರು. ಇದು ಎರಡೂ ಕಡೆ ಕೊಯ್ಯುವ ಮಾತು, ಯೋಚನೆ ಮಾಡಿ ಎಂದು ಎಚ್ಚರಿಸಿದರು. ಅಚ್ಚು ಗಿರಾಕಿಗಳದು ಎಂದು ನಾನು ಒಪ್ಪಿಕೊಂಡರೆ ಅದು ಕಂಪನಿಗೆ ಸಿಗುವುದಿಲ್ಲ, ನಿಜ. ನನಗೂ ಸಿಗುವುದಿಲ್ಲ. ಒಯ್ದವರು ನನ್ನ ಹತ್ತಿರವೇ ತಿರುಗಿ ಬರಬೇಕು ಎಂಬ ಕಾನೂನು ಯಾವ ಪುಸ್ತಕದಲ್ಲೂ ಇಲ್ಲ. ಅಂಗಡಿ ಉಳಿಯಬಹುದು, ಅಥವಾ ನನ್ನ ಕೈಯಾರೆ ನಾನೇ ಅದನ್ನು ಖಾಲಿ ಮಾಡಬಹುದು.

ಎರಡು ದಿನ ಒದ್ದಾಡಿದೆ. ಆಮೇಲೆ ನನಗೇ ಸಿಟ್ಟು ಬಂತು. ಹಿಡಿದಿಟ್ಟುಕೊಂಡರೆ ಮಾತ್ರ ಉಳಿಯುವ ಗಿರಾಕಿ ಯಾಕೆ ಬೇಕು? ವಕೀಲಮ್ಮ ಕಂಪನಿಗೆ ಖಾರವಾಗಿ ಉತ್ತರ ಬರೆದರು. ನಾನು ಬಾಗಿಲಿಗೆ ರಟ್ಟು ನೇತುಹಾಕಿದೆ. ‘ನಿಮ್ಮ ಕಾಲು ನಿಮ್ಮದು. ಬಂದು ಒಯ್ಯಿರಿ.’

ಬಂದರು ಅಣ್ಣ. ಮೊದಲು ಬಂದದ್ದು ಬಸ್ ಕಂಡಕ್ಟರಮ್ಮ, ಎಡಪಾದ ಒಳಕ್ಕೆ ತಿರುಗಿರುವವಳು. ಅಚ್ಚನ್ನು ಎತ್ತಿಕೊಂಡು ಕೂಸಿನ ಹಾಗೆ ಸವರಿದಳು. ಚಪ್ಪಟೆ ಪಾದದ ಪೋಸ್ಟ್‌ಮ್ಯಾನ್ ಬಂದ. ನಿವೃತ್ತ ಹೆಡ್‌ಮಿಸ್ಟ್ರೆಸ್ ಬಂದರು, ಕಂಪನಿಯ ಕಾಗದವನ್ನು ಇಸಿದುಕೊಂಡು ಓದಿ, ಕೆಂಪು ಪೆನ್ನಿನಲ್ಲಿ ತಪ್ಪು ತಿದ್ದಿಕೊಟ್ಟರು. ಸಂಜೆಗೆ ಅಂಗಡಿಯ ಮುಂದೆ ಸಾಲು. ಕೆಲವರು ತೆಗೆದುಕೊಂಡು ಹೋದರು, ಒಂದು ಸಲ ಹಿಂತಿರುಗಿ ಕೂಡ ನೋಡಲಿಲ್ಲ. ಅದು ನೋಯಿತು. ಮುಚ್ಚಿಡುವುದಿಲ್ಲ.

ಹೋದ ತಿಂಗಳು ಹನ್ನೊಂದನೇ ತಾರೀಕು ಬೆಳಗ್ಗೆ ವ್ಯಾನು ಬಂದಾಗ ಇನ್ನೂ ಕೆಲವರು ಅಂಗಡಿಯಲ್ಲೇ ಇದ್ದರು. ನಿನ್ನ ಟೈಯವನು ಒಳಗೆ ಬಂದು ಗೋಡೆ ನೋಡಿದ. ಬರೀ ಮೊಳೆಗಳು. ಇಲ್ಲಿದ್ದ ಸಾಮಾನನ್ನು ನಾನು ಕದ್ದು ಸಾಗಿಸಿದೆ, ಪೊಲೀಸರಿಗೆ ಹೇಳುತ್ತೇನೆ ಎಂದು ಕೂಗಾಡಿದ. ಕಂಡಕ್ಟರಮ್ಮ ಡ್ಯೂಟಿಗೆ ಹೋಗುವ ದಾರಿಯಲ್ಲಿ ನಿಂತಿದ್ದಳು. ಟಿಕೆಟ್ ಚೀಲದಿಂದ ಅಚ್ಚು ತೆಗೆದು ಅವನ ಮೂಗಿನ ಮುಂದೆ ಹಿಡಿದು, “ಇದು ನನ್ನ ಕಾಲು ಸ್ವಾಮಿ. ಎಲ್ಲಿ, ಮುಟ್ಟಿ ನೋಡಣ?” ಅಂದಳು. ಇಡೀ ಬಸ್ಸನ್ನು ಹೆದರಿಸುವ ದನಿ ಅದು. ವಕೀಲಮ್ಮ ಮೂಲೆಯಲ್ಲಿ ಕೂತಿದ್ದವರು, ಕಳ್ಳತನ ಎಂದಿರಲ್ಲ, ಅದನ್ನೇ ಬರೆದು ಸಹಿ ಹಾಕಿಕೊಡಿ ಎಂದು ಪೆನ್ನು ಚಾಚಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ, ಹಾಗೆ ಅವನು ಟೈ ಸಡಿಲಿಸಿಕೊಂಡ. ಖಾಲಿ ಪೆಟ್ಟಿಗೆಗಳ ಜೊತೆ ವ್ಯಾನು ವಾಪಸ್ಸು ಹೋಯಿತು. ಅಚ್ಚಿಲ್ಲದ ಮೇಲೆ ಅರ್ಧ ಅಂಗಡಿ ಅವರಿಗೆ ಯಾಕೆ? ನಾಲ್ಕು ದಿನಕ್ಕೆ ಕರಾರು ಮುರಿದರು. ಅದು ನಿನಗೂ ಗೊತ್ತು, ಅದಕ್ಕೇ ತಾನೇ ಇಷ್ಟು ಬೈಗುಳ.

ಈಗ ಕೇಳು. ನಿನ್ನ ಪಾಲು ನಿನ್ನದೇ, ಅದರ ಒಂದು ಕೂದಲನ್ನೂ ನಾನು ಮುಟ್ಟಿಲ್ಲ. ಮತ್ತೆ ಮಾರುವುದಾದರೆ ಮಾರು, ಕಾನೂನು ನಿನ್ನ ಕಡೆಗಿದೆ. ಆದರೆ ಮುಂದಿನ ಸಲ ಬರುವವನಿಗೆ ಮೊದಲೇ ಹೇಳಿಬಿಡು, ಇಲ್ಲಿ ಮಾರಲಿಕ್ಕೆ ಒಂದು ಮೊಂಡು ಯಂತ್ರ ಮತ್ತು ಒಬ್ಬಳು ಮೊಂಡು ತಂಗಿ ಬಿಟ್ಟರೆ ಬೇರೇನೂ ಇಲ್ಲ ಎಂದು. ಹೆದರಿಸಿದರೆ ಸಹಿ ಹಾಕುತ್ತಿದ್ದ ಹಳೆಯ ತಂಗಿ ಆ ಮಹಡಿಯ ಮೆಟ್ಟಿಲ ಮೇಲೇ ಉಳಿದುಹೋದಳು. ವಾರಕ್ಕೊಂದು ಸಲ ನಾನೂ ಸಲೂನಿನವಳೂ ಅಲ್ಲಿಗೆ ಹೋಗಿ ಕೂರುತ್ತೇವೆ. ಲಕೋಟೆ ಹಿಡಿದು ಬಂದವರ ಪಕ್ಕ ಕೂತು, ಕೊನೆಯ ಸಾಲಿನ ತನಕ ಗಟ್ಟಿಯಾಗಿ ಓದಿಸುತ್ತೇವೆ. ಅರ್ಧ ಹೆದರಿಕೆ ಓದುವಷ್ಟರಲ್ಲೇ ಇಳಿಯುತ್ತದೆ.

ಗಿರಾಕಿಗಳೂ ಬರುತ್ತಿದ್ದಾರೆ. ಎಲ್ಲರೂ ಅಲ್ಲ, ಬರುವವರು ಬರುತ್ತಿದ್ದಾರೆ, ಕಂಕುಳಲ್ಲಿ ತಮ್ಮ ತಮ್ಮ ಕಾಲು ಇಟ್ಟುಕೊಂಡು. ಪೋಸ್ಟ್‌ಮ್ಯಾನ್ ಅಷ್ಟು ದಿನ ಅದನ್ನು ಬಾಗಿಲಿಗೆ ಅಡ್ಡ ಇಟ್ಟಿದ್ದನಂತೆ, ಬಲ ಹಿಮ್ಮಡಿ ಸ್ವಲ್ಪ ನೆಗ್ಗಿದೆ. ಹೆಡ್‌ಮಿಸ್ಟ್ರೆಸ್ ತಮ್ಮದನ್ನು ಇಲ್ಲೇ ಬಿಟ್ಟು ಹೋದರು, ಮನೆಯಲ್ಲಿ ಧೂಳು ಒರೆಸುವವರಿಲ್ಲವಂತೆ. ಈ ಸಲ ಪ್ರತಿಯೊಬ್ಬರಿಗೂ ವಕೀಲಮ್ಮ ಬರೆದುಕೊಟ್ಟ ಚೀಟಿ ಕೊಡುತ್ತೇನೆ. ಅಚ್ಚು ಅವರದು, ಇಟ್ಟುಕೊಂಡಿರುವುದು ನಾನು.

ನಿನ್ನ ಕಾಗದದ ಒಂದು ಸಾಲು ಮಾತ್ರ ಇನ್ನೂ ಚುಚ್ಚುತ್ತಿದೆ. ನಿನ್ನ ಕೈ ಇಲ್ಲದೆ ಅಂಗಡಿ ಹೇಗಿದ್ದರೂ ಮುಚ್ಚುತ್ತಿತ್ತು, ಮುಚ್ಚುವ ಮೊದಲು ಮಾರಿದೆ ಎಂದು ಬರೆದಿದ್ದೀಯ. ಹೊಸ ಗಿರಾಕಿ ಬಂದರೆ ಅಚ್ಚು ಕೆತ್ತುವವರು ಯಾರು ಎಂದು ಕೇಳಿದ್ದೀಯ. ಆ ಪ್ರಶ್ನೆಗೆ ನಾನು ಉತ್ತರ ಬರೆಯಬಾರದು ಎಂದು ಕೂತಿದ್ದೇನೆ.

ಅತ್ತಿಗೆಗೆ ನಮಸ್ಕಾರ. ಹೊತ್ತಿಗೆ ಸರಿಯಾಗಿ ಊಟ ಮಾಡು. ಜಗಳ ಆಡುವುದಕ್ಕೂ ಮೈಯಲ್ಲಿ ಬಲ ಬೇಕು.

ಸೋಲದ, ಸೋಲುವ ಯೋಚನೆಯೂ ಇಲ್ಲದ
ನಿನ್ನ ತಂಗಿ, ನೀನೇ ಅಡ್ಡಹೆಸರಿಟ್ಟ
ಮೊಳೆ

ಮರೆತದ್ದು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿನ್ನ ಬಲಗೈ ನಡುಗುತ್ತದೆ ಎಂದು ನನಗೆ ಗೊತ್ತು ಅಣ್ಣ. ಹೋದ ವರ್ಷದಿಂದಲೇ ಗೊತ್ತು. ನೀನು ಊಟಕ್ಕೆ ಮನೆಗೆ ಹೋದಾಗಲೆಲ್ಲ, ನೀನು ಕೆತ್ತಿಟ್ಟ ಅಚ್ಚುಗಳನ್ನು ಅರ ಹಾಕಿ ಸರಿಮಾಡಿ, ಪುಡಿ ಗುಡಿಸಿ, ಇದ್ದ ಜಾಗದಲ್ಲೇ ಇಡುತ್ತಿದ್ದವಳು ನಾನು. ಕಂಡಕ್ಟರಮ್ಮನ ಹೊಸ ಎಡಗಾಲನ್ನಂತೂ ಪೂರ್ತಿ ನಾನೇ ಕೆತ್ತಿದೆ. ನಿಮ್ಮಣ್ಣನ ಕೈಯೇ ಕೈ ಅಂದಳು, ಹೌದು ಅಂದೆ. ಎಲ್ಲ ಮಾರಿಬಿಟ್ಟರೆ ಕೈಯ ವಿಷಯ ಯಾರಿಗೂ ತಿಳಿಯುವುದಿಲ್ಲ ಎಂದು ನೀನು ಅಂದುಕೊಂಡೆ, ಅಲ್ಲವಾ? ತಿಳಿದಿಲ್ಲ. ತಿಳಿಯಲು ನಾನು ಬಿಟ್ಟಿಲ್ಲ. ಆದರೆ ಹಿಮ್ಮಡಿಯ ತಿರುವು ನನಗೆ ಇನ್ನೂ ಸರಿಯಾಗಿ ಬರುತ್ತಿಲ್ಲ, ವಕೀಲಮ್ಮನ ಅಚ್ಚು ಎರಡು ಸಲ ಕೆಟ್ಟಿತು. ಬಾ. ಪಕ್ಕದಲ್ಲಿ ಕೂತು ಬೈದು ಬೈದು ಕಲಿಸು. ಕ್ಷಮೆ ಮಾತ್ರ ಕೇಳುವುದಿಲ್ಲ.